ಕಾಟನ್ ಸೀರೆಗೊಂದು ಸರ್ಕಾರಿ ಆದೇಶ

ಶಾಲೆ ತೆರೆಯುವ ದಿನ ಹತ್ತಿರ ಬಂದರೆ ಮಕ್ಕಳಿಗೆ ಹೊಟ್ಟೆನೋವು ಬರುವುದು ಸಹಜ. ಗಂಗಲಕ್ಷ್ಮಿ ಮೇಡಂಗೂ ಬರುತ್ತಿತ್ತು. ಪಾಠಕ್ಕೆ ಅವಳು ಹೆದರಿದವಳಲ್ಲ. ದೇವಸಮುದ್ರದಾಚೆಯ ಹಳ್ಳಿ ಶಾಲೆಯಲ್ಲಿ ಮೂರನೇ ತರಗತಿಯ ಅರವತ್ತೆರಡು ಮಕ್ಕಳನ್ನು ಒಂದೇ ಕೆಮ್ಮಿಗೆ ತಣ್ಣಗಾಗಿಸುತ್ತಿದ್ದಳು. ಅವಳ ಅಂಜಿಕೆಯೆಲ್ಲ ಸೀರೆಯದು.

ಮೊಳಕಾಲ್ಮುರಿನ ನೇಕಾರರ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಮಾವ ರಂಗಯ್ಯ ಪ್ರತಿ ಬೇಸಿಗೆಯಲ್ಲೂ ಅವಳಿಗೆಂದೇ ಒಂದು ರೇಷ್ಮೆ ಸೀರೆ ನೇಯುತ್ತಿದ್ದರು. ಶಾಲೆ ತೆರೆಯುವ ದಿನ ಅದನ್ನು ಉಟ್ಟುಕೊಂಡೇ ಹೋಗಬೇಕು. ವರ್ಷವಿಡೀ ಹಳೆಯ ರೇಷ್ಮೆಗಳು ಸರದಿಯ ಮೇಲೆ. "ಮಗ್ಗದ ಮನೆ ಕೋಡಲು ಸಾದಾ ಸೀರೆ ಉಟ್ಟರೆ ಊರು ಏನಂತೈತೆ?" ಎನ್ನುವುದು ಅವರ ವಾದ. (ಕೋಡಲು ಎಂದರೆ ಸೊಸೆ. ಆ ಮನೆಯಲ್ಲಿ ಅಕ್ಕರೆ ಉಕ್ಕಿದಾಗಲೆಲ್ಲ ತೆಲುಗು ಬರುತ್ತಿತ್ತು.)

ಊರಿನ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಉರಿಯುತ್ತಿದ್ದದ್ದು ತನ್ನ ಮೈ ಎಂದು ಗಂಗಲಕ್ಷ್ಮಿಗೆ ಮಾತ್ರ ಗೊತ್ತಿತ್ತು. ಕುರಿಮರಿ, ಹುಲ್ಲಿನ ಹೊರೆ, ಬೀಡಿ ಹೊಗೆ ಎಲ್ಲವನ್ನೂ ತುಂಬಿಕೊಂಡ ಬೆಳಗಿನ ಬಸ್ಸಿನಲ್ಲಿ ಅವಳು ಮದುಮಗಳಂತೆ ನಿಂತಿರುತ್ತಿದ್ದಳು. ಕಂಡಕ್ಟರ್ ಜಯಣ್ಣ ಆರು ವರ್ಷದಿಂದಲೂ, "ಮೇಡಮ್ಮಾರೇ, ಇವತ್ತು ಯಾರ್ದು ಮದುವೆ?" ಎಂದು ಕೇಳುತ್ತಲೇ ಇದ್ದ. ಬೋರ್ಡಿನ ಮೇಲೆ ಕೈ ಎತ್ತಿದರೆ ಸೆರಗಿನ ಜರಿ ಕುತ್ತಿಗೆ ಕೊರೆಯುತ್ತಿತ್ತು. ಕುಂಟೆಬಿಲ್ಲೆ ಆಡಿಸೋಣವೆಂದರೆ ನೆರಿಗೆ ಕಾಲಿಗೆ ತೊಡರುತ್ತಿತ್ತು.

ತೊಂಬತ್ತೆಂಟರ ಬೇಸಿಗೆ ರಜೆಗೆ ಚಳ್ಳಕೆರೆಯ ತವರಿಗೆ ಹೋದವಳು ಅವ್ವ ಪಾತಮ್ಮನ ಹಳೇ ನೂಲಿನ ಸೀರೆ ಉಟ್ಟು ಒಂದು ತಿಂಗಳು ಓಡಾಡಿದಳು. ಗಾಳಿಗೆ ದಾರಿ ಬಿಡುವ ಬಟ್ಟೆ! ಬಾವಿಕಟ್ಟೆ, ಹಿತ್ತಿಲು, ಅಟ್ಟ, ಎಲ್ಲಿಗೆ ಬೇಕಾದರೂ ಎತ್ತಿ ಸಿಕ್ಕಿಸಿಕೊಂಡು ಹೋಗಬಹುದು. ಲಂಗ ಉಟ್ಟು ಮಾವಿನಕಾಯಿಗೆ ಕಲ್ಲು ಹೊಡೆಯುತ್ತಿದ್ದ ಕಾಲ ಮರಳಿ ಬಂದಂತಾಯಿತು. ಹೊರಡುವ ಮುಂಚೆ ಪೇಟೆಗೆ ಹೋಗಿ ನಾಲ್ಕು ಕಾಟನ್ ಸೀರೆ ತಂದಳು. ತಿಳಿನೀಲಿ, ಸಣ್ಣ ಹೂವಿನದು, ಚೌಕಳಿಯದು, ಇನ್ನೊಂದು ಹೆಸರುಕಾಳಿನ ಬಣ್ಣದ್ದು. ಟ್ರಂಕಿನ ತಳಕ್ಕೆ ಸೇರಿಸಿ, ಮೇಲೆ ಹಪ್ಪಳದ ಡಬ್ಬಿ ಇಟ್ಟು ಮೊಳಕಾಲ್ಮುರಿಗೆ ಬಂದಳು.

ಬಂದ ದಿನವೇ ಮಾವನವರ ಏಳನೇ ಸೀರೆ ಕಾದಿತ್ತು. ಅಂಗೈಯಗಲದ ಅಂಚು, ಸೆರಗಿನ ತುಂಬ ಗಿಳಿಗಳು.

"ಚೂಡಮ್ಮಾ, ನೋಡಿಲ್ಲಿ, ಈ ಸಲ ಜರಿ ಜಾಸ್ತಿ ಹಾಕೀನಿ" ಎಂದರು ರಂಗಯ್ಯ, ಬನಿಯನ್ನಿನ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತ.

ಅವಳು ಸೀರೆ ಎತ್ತಿ ನೋಡಿದಳು. ಗಿಳಿಗಳಿಗೆ ಜೀವ ಬಂದು ಹಾರಿಹೋದರೂ ಎರಡು ಕೆ.ಜಿ. ಉಳಿಯುವಂತಿತ್ತು.

ಕೋಣೆಯಲ್ಲಿ ಗಂಡ ಗೋಪಿಯ ಮುಂದೆ ಗೋಳಾಡಿದಳು. "ನೀವಾದ್ರೂ ಒಂದು ಮಾತು ಹೇಳ್ರೀ ನಿಮ್ಮಪ್ಪಗೆ."

"ನಾನಾ? ಅಪ್ಪನ ಸೀರೆ ಬ್ಯಾಡ ಅಂತ ನಾನು ಹೇಳಿದ್ರೆ ನನ್ನ ಗತಿ ಏನು?" ಗೋಪಿ ಬಾಗಿಲು ಮುಂದೆ ಮಾಡಿದ. ಆಮೇಲೆ ಅವನ ಮುಖ ಬೆಳಗಿತು. "ಸರ್ಕಾರದ ಮೇಲೆ ಹಾಕು. ಮೇಡಂಗಳೆಲ್ಲ ಕಾಟನ್ನೇ ಉಡಬೇಕು ಅಂತ ಆದೇಶ ಬಂದೈತೆ ಅನ್ನು. ಸರ್ಕಾರದ ಜೊತೆ ಯಾರು ಜಗಳಕ್ಕೋಗ್ತಾರೆ?"

ಯಾರು ಹೋಗುತ್ತಾರೆಂದು ಎರಡೇ ದಿನದಲ್ಲಿ ಗೊತ್ತಾಯಿತು.

ಗಂಗಲಕ್ಷ್ಮಿ ಆದೇಶದ ಸುದ್ದಿ ಹೇಳಿದಳು. ಕೇಳಿದ ರಂಗಯ್ಯ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಣಿಯಿಂದ ಎದ್ದು ಹೊರಗೆ ಹೋದರು. ಹಗಲೆಲ್ಲ ಕಟಕಟ ಎನ್ನುತ್ತಿದ್ದ ಮನೆ ಭಣಭಣ ಎಂದಿತು. ಗಂಗಲಕ್ಷ್ಮಿ ಅಡುಗೆಮನೆಯಿಂದ ಎರಡು ಸಲ ಬಾಗಿಲಿಗೆ ಬಂದು ಬೀದಿ ನೋಡಿದಳು.

"ಏನು ಮಾಡ್ತಾರತ್ತಮ್ಮಾ ಮಾವಯ್ಯ?" ಎಂದು ಅತ್ತೆ ದ್ಯಾಮಮ್ಮನನ್ನು ಕೇಳಿದಳು.

"ಮನೆಮನೆಗೆ ಹೋಗಿ ಜನ ಸೇರಿಸ್ತಾವ್ರೆ. ಇವತ್ತು ಟೀಚರ್‌ಗೆ ರೇಷ್ಮೆ ಬ್ಯಾಡ ಅಂದ ಸರ್ಕಾರ ನಾಳೆ ಮದುಮಗಳಿಗೂ ಬ್ಯಾಡ ಅಂತೈತಂತೆ. ಪಕ್ಕದ ಮನೆ ಕೊಟ್ಟೂರಪ್ಪ ಅರ್ಜಿ ಬರೀತಾವ್ನೆ."

ಗಂಗಲಕ್ಷ್ಮಿ ಸೌಟು ಕೆಳಗಿಟ್ಟು ಗಂಡನನ್ನು ಹುಡುಕಿದಳು. ಗೋಪಿ ಆ ದಿನ ಊಟಕ್ಕೂ ಮನೆಗೆ ಬರಲಿಲ್ಲ.

ಮರುದಿನ ಇಪ್ಪತ್ತಮೂರು ಜನ ನೇಕಾರರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಶಿಕ್ಷಣಾಧಿಕಾರಿಗಳ ಕಚೇರಿಗೆ ದಂಡೆತ್ತಿ ಹೋದರು. ಮಧ್ಯಾಹ್ನ ರಂಗಯ್ಯ ಮೀಸೆ ತಿರುವುತ್ತ ಮರಳಿದರು.

"ಗೆದ್ವಿ ಕಣಮ್ಮಾ! ಅರ್ಜಿ ಓದಿ ಸಾಹೇಬ್ರ ಕಣ್ಣು ಇಷ್ಟಗಲ ಆತು. 'ಅಂಥ ಆದೇಶಾನೇ ಇಲ್ಲ' ಅಂದ್ಬಿಟ್ರು. ನಮ್ಮ ಜನ ನೋಡಿ ಅಲ್ಲೇ ರದ್ದು ಮಾಡಿದ್ರು!"

ಗಂಗಲಕ್ಷ್ಮಿಗೆ ಇನ್ನು ತಡೆಯಲಾಗಲಿಲ್ಲ. ಟ್ರಂಕಿನ ತಳದ ನಾಲ್ಕೂ ಸೀರೆ ತಂದು ಮಾವನ ಮುಂದೆ ಇಟ್ಟಳು. "ಆದೇಶ ನಾನೇ ಹುಟ್ಟಿಸಿದ್ದು ಮಾವಯ್ಯಾ. ಸೆಕೆ ತಡೆಯಾಕಾಗಲ್ಲ. ನಿಮ್ಮ ಮನಸ್ಸಿಗೆ ನೋವಾಗ್ತೈತೆ ಅಂತ..." ಮುಂದಿನದು ಅಳುವಿನಲ್ಲಿ ಕರಗಿತು.

ರಂಗಯ್ಯ ತಿಳಿನೀಲಿ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ನೂಲು ಎಣಿಸುವವರಂತೆ ಬಹಳ ಹೊತ್ತು ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದರು.

"ಅಯ್ಯೋ ಪಿಚ್ಚಿ, ಹುಚ್ಚು ಹುಡುಗಿ! ನಲವತ್ತು ವರ್ಷದಿಂದ ರೇಷ್ಮೆ ನೇಯ್ತೀನಿ. ನನ್ನ ಮೈಮೇಲೆ ಯಾವತ್ತಾದ್ರೂ ರೇಷ್ಮೆ ಕಂಡೀಯಾ? ನಿಮ್ಮತ್ತೆ ಮೈಮೇಲೆ? ಈ ಸೆಕೇಲಿ ಯಾವನು ಉಡ್ತಾನೆ ಅದನ್ನ! ಊರಿನ ಮಾತು ಬರೀ ನೆವ. ಕೊಡದಿದ್ರೆ ನೀನು ಬೇಜಾರು ಮಾಡ್ಕೋತೀಯಾ ಅಂತ ಕಣ್ಣು ಕಿತ್ಕೊಂಡು ನೇಯ್ತಿದ್ದೆ."

ಆರು ವರ್ಷ ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಬೆವರಿದ್ದರು. ಗಂಗಲಕ್ಷ್ಮಿ ಅಳುತ್ತಲೇ ನಕ್ಕಳು. ಗೋಪಿ ಕೂಡ ಧೈರ್ಯ ಮಾಡಿ ಒಳಗೆ ಬಂದ.

ರಂಗಯ್ಯನ ನಗು ಅರ್ಧಕ್ಕೆ ನಿಂತಿತು. "ಆದ್ರೆ ಒಂದು ಫಜೀತಿ ಆಗೈತಮ್ಮಾ. ಶಾಲೆ ತೆರೆಯೋ ದಿನ ನಮ್ಮ ಕೋಡಲು ರೇಷ್ಮೇಲೇ ಬರ್ತಾಳೆ, ನೋಡೋಕೆ ಬರ್ರಿ ಅಂತ ಸಾಹೇಬ್ರನ್ನ ಕರೆದುಬಿಟ್ಟೀನಿ. ಇಪ್ಪತ್ತಮೂರು ಜನಾನೂ ಬರ್ತಾರೆ."

ಹಾಗಾಗಿ ಜೂನ್ ಒಂದರಂದು ಗಂಗಲಕ್ಷ್ಮಿ ಗಿಳಿಗಳನ್ನು ಹೊತ್ತು ಬಸ್ಸು ಹತ್ತಿದಳು. ಹೊಸ ಸ್ಲೇಟು, ಎಣ್ಣೆ ಹಚ್ಚಿದ ತಲೆ, ಪುಸ್ತಕಕ್ಕೆ ಹಾಕಿದ ಪೇಪರಿನ ರಟ್ಟು. ಅಂಗಳದ ತುಂಬ ಆ ದಿನದ ವಾಸನೆ. ಮಕ್ಕಳು ಅವಳ ಸೆರಗು ಮುಟ್ಟಲು ಸಾಲು ನಿಂತರು. ಸಾಹೇಬರು ಬಂದು ನೇಕಾರಿಕೆಯ ಹಿರಿಮೆ ಕುರಿತು ಅಮೋಘ ಭಾಷಣ ಮಾಡಿದರು. ಮುಖ್ಯೋಪಾಧ್ಯಾಯ ದೊಡ್ಡಪಾಲಯ್ಯನವರಿಗೆ ರೋಮಾಂಚನವಾಗಿ, ಇನ್ನು ಮೇಲೆ ಪ್ರತಿ ಸೋಮವಾರ ನಮ್ಮ ಶಾಲೆಯ ಮೇಡಂಗಳೆಲ್ಲ ರೇಷ್ಮೆಯಲ್ಲೇ ಬರತಕ್ಕದ್ದು ಎಂದು ಅಲ್ಲೇ ಘೋಷಿಸಿದರು. ಇಪ್ಪತ್ತಮೂರು ಜನ ಚಪ್ಪಾಳೆ ತಟ್ಟಿದರು. ಉಳಿದ ನಾಲ್ವರು ಮೇಡಂಗಳು ತಟ್ಟಲಿಲ್ಲ.

ಅವರು ಸಂಜೆಯೇ ಮನೆಗೆ ಬಂದರು. "ನಿನ್ನಿಂದ ತಾನೇ ಈ ಶಿಕ್ಷೆ? ನಿನ್ನ ಹತ್ರ ಏಳು ರೇಷ್ಮೆ ಅದಾವಲ್ಲ, ಕೊಡು." ನಾಲ್ಕು ಸೀರೆ ಹೋದವು. ಐದನೆಯದು ಅಂಗನವಾಡಿ ಟೀಚರಮ್ಮನ ಪಾಲಾಯಿತು. ಆರನೆಯದನ್ನು ದೊಡ್ಡಪಾಲಯ್ಯನವರ ಹೆಂಡತಿ ನೆಂಟರ ನಾಮಕರಣಕ್ಕೆಂದು ಒಯ್ದವರು ಮರಳಿಸಲಿಲ್ಲ. ಎರಡನೇ ಸೋಮವಾರ ಏಳನೆಯದರ ಗಿಳಿಗಳ ಮೇಲೆ ಯಾವನೋ ಹುಡುಗ ಶಾಯಿ ಸಿಡಿಸಿದ್ದರಿಂದ ಅವು ಅಗಸರ ಮನೆ ಸೇರಿದವು.

ಮೂರನೇ ಸೋಮವಾರ ಗಂಗಲಕ್ಷ್ಮಿ ಬೇರೆ ದಾರಿಯಿಲ್ಲದೆ, ಒಳಗೊಳಗೇ ಕುಣಿಯುತ್ತ, ತಿಳಿನೀಲಿ ಕಾಟನ್ ಉಟ್ಟು ಹೋದಳು. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೂ ಝಗಝಗ. ದೊಡ್ಡಪಾಲಯ್ಯನವರು ಅವಳನ್ನು ಪಕ್ಕಕ್ಕೆ ಕರೆದರು. "ನೇಕಾರರ ಮನೆ ಸೊಸೆ ನೀವು. ನೀವೇ ಆದೇಶ ಮುರಿದ್ರೆ ಹೆಂಗೆ ಮೇಡಂ?"

ಸಂಜೆ ಅದನ್ನು ಹೇಳಿದರೆ ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗು ಮುಗಿದ ಮೇಲೆ ರಂಗಯ್ಯ ಮಗ್ಗದ ಗುಣಿಗೆ ಇಳಿದು ಕಾಲು ಚಾಚಿದರು.

"ಹಂಗಾದ್ರೆ ಇನ್ನೊಂದು ನೇಯಲೇಬೇಕಾತಲ್ಲ. ಹಗೂರಾಗಿ ನೇಯ್ತೀನಿ. ಯಾವ ಬಣ್ಣ ಬೇಕಮ್ಮಾ ನಿಂಗೆ?"

ಆರು ವರ್ಷದಲ್ಲಿ ಈ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. "ನೇರಳೆ, ಮಾವಯ್ಯಾ" ಎಂದಳು ತಟ್ಟನೆ. "ಅಂಚಿಗೆ ಸಾಸಿವೆ ಹೂವಿನ ಹಳದಿ. ಸೆರಗಿಗೆ ನವಿಲು ಬರಲಿ."

ಹೇಳಿದ ಮೇಲೆ, ನವಿಲು ಗಿಳಿಗಿಂತ ಭಾರವೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ರಂಗಯ್ಯ ನೇರಳೆ ನೂಲಿಗಾಗಿ ಗೋಪಿಯನ್ನು ಪೇಟೆಗೆ ಓಡಿಸಿಯಾಗಿತ್ತು.