ಬೊಗಸೆ ಪುಡಿಯ ಟ್ಯಾಕ್ಸು

ಸರಕಾರಕ್ಕೆ ದುಡ್ಡು ಕಟ್ಟುವಾಗ ಯಾರಿಗೂ ನಗು ಬರುವುದಿಲ್ಲ. ಕಟ್ಟಿದ್ದನ್ನು ವಾಪಸು ಕೇಳಲು ಹೋಗಿ ನೋಡಿ, ದಿನಕ್ಕೊಂದು ತಮಾಷೆ. ನನ್ನ ಮೈದುನ ಸೇಲ್ಸ್ ಟ್ಯಾಕ್ಸ್ ವಾಪಸು ಕೇಳಿದ ವರ್ಷ ನಾನು ಒಂದು ಸಿನಿಮಾಕ್ಕೂ ಹೋಗಲಿಲ್ಲ. ವಡಾಲದ ನಮ್ಮ ಚಾಳಿನಲ್ಲೇ ಎಲ್ಲ ನಡೆಯುತ್ತಿತ್ತಲ್ಲ, ಟಿಕೇಟಿಗೆ ಯಾಕೆ ದಂಡ?

ಮೈದುನನದ್ದು ಹುಳಿಪುಡಿ, ಸಾರಿನಪುಡಿಯ ವ್ಯಾಪಾರ. ಮಾಟುಂಗದ ನಮ್ಮೂರವರ ಹೋಟೆಲುಗಳಿಗೆ ಹಾಕುತ್ತಿದ್ದ. ಕುಟ್ಟುವುದು ಚಾಳಿನ ಹಿಂದೆ, ತಗಡಿನ ಮಾಡಿನ ಕೆಳಗೆ. ಒನಕೆ ಬಿತ್ತೆಂದರೆ ಮೂರು ಮಾಳಿಗೆಯೂ ಸೀನುತ್ತಿತ್ತು. ಚಾಳಿನ ಸೆಕ್ರೆಟರಿ ಒಬ್ಬ ಪೆನ್ಶನ್ ತಿನ್ನುವ ಮರಾಠಿ ಮುದುಕ. ಎಲ್ಲರ ಸಹಿ ಹಾಕಿಸಿ ನೋಟಿಸು ಕೊಟ್ಟ: ದೀಪಾವಳಿಯೊಳಗೆ ಕುಟ್ಟುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಖೋಲಿ ಖಾಲಿ ಮಾಡಬೇಕು. ಜೋಗೇಶ್ವರಿಯಲ್ಲಿ ಒಂದು ಶೆಡ್ಡು ಸಿಗುವುದಿತ್ತು. ಅದಕ್ಕೆ ಡಿಪಾಜಿಟ್ ಇಡಬೇಕು. ಆ ದುಡ್ಡು ಇದ್ದದ್ದು ಸರಕಾರದ ಹತ್ತಿರ. ವಾಪಸು ಬಂದರೆ ಜೋಗೇಶ್ವರಿ, ಬಾರದಿದ್ದರೆ ಊರಿಗೆ ಮರಳಲು ಮಂಗಳೂರಿನ ಹಡಗು. ಮೈದುನನಿಗೆ ನಿದ್ದೆ ಹೋಯಿತು, ನನಗೆ ಕೆಲಸ ಬಂತು.

ಮಾಸ್ತರರ ಪಾಠ

ಲೆಕ್ಕ ಬರೆಯಲು ಮೈದುನ ಧಾರವಾಡದವರೊಬ್ಬರನ್ನು ಗೊತ್ತುಮಾಡಿದ. ಹಗಲು ಯಾವುದೋ ಕಂಪೆನಿಯಲ್ಲಿ ಗುಮಾಸ್ತರು, ಸಂಜೆ ನಮ್ಮಲ್ಲಿ. ನಾವು ಮಾಸ್ತರು ಅನ್ನುತ್ತಿದ್ದೆವು. ಮೊದಲ ದಿನವೇ ನನ್ನ ಓರಗಿತ್ತಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಎದುರು ಕೂರಿಸಿಕೊಂಡು ಪಾಠ ಶುರುಮಾಡಿದರು.

"ನೋಡ್ರಿ ವೈನಿ, ಮೆಣಸಿನಕಾಯಿ ತರೋವಾಗ ಟ್ಯಾಕ್ಸ್ ಕೊಟ್ಟೀರಿ. ಪುಡಿ ಮಾರೋವಾಗ ಮತ್ತ ಟ್ಯಾಕ್ಸ್ ಕಟ್ಟೀರಿ. ಒಂದ ಮಾಲಿಗೆ ಎರಡು ಸಲ ಆತಿಲ್ರಿ? ಮೊದಲ ಕೊಟ್ಟದ್ದನ್ನ ಎರಡನೇದ್ರಾಗ ಕಳೀಬೇಕು. ಹೆಚ್ಚಿಗಿ ಕಟ್ಟಿದ್ದು ವಾಪಸ್ ಬರತೈತಿ."

ಓರಗಿತ್ತಿ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು. "ಹಾಗಾದ್ರೆ ಮೆಣಸು ಮಾತ್ರ ತರುವ ಮಾಸ್ತ್ರೇ. ಪುಡಿ ಮಾರುವುದೇ ಬೇಡ. ಕೊಟ್ಟದ್ದು ಪೂರಾ ವಾಪಸು ಬರ್ತದಲ್ಲ?"

ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಪುನಃ ಹಾಕಿಕೊಂಡರು. ಚಾ ಕುಡಿದು, "ನಾಳಿ ಬರತೀನ್ರಿ" ಎಂದು ಎದ್ದುಹೋದರು.

ಅವರು ಮೆಟ್ಟಿಲು ಇಳಿದದ್ದೇ ತಡ, ಮೈದುನ ನನ್ನ ಕಿವಿಯ ಹತ್ತಿರ ಬಂದ. "ಅತ್ತಿಗೆ, ಅವಳು ಹೇಳಿದ್ದರಲ್ಲಿ ತಪ್ಪೆಂತ ಉಂಟು?"

ಬಾಗಿಲು ಹಾಕಿದ ಲೆಕ್ಕ

ನಮ್ಮ ಖೋಲಿಗೆ ಸಮುದ್ರದ ಗಾಳಿ ನೇರ ಬರುತ್ತಿತ್ತು. ಮಾಸ್ತರು ಬಿಲ್ಲುಗಳನ್ನು ಚಾಪೆಯ ಮೇಲೆ ಹರಡಿದರೆ ಅರ್ಧ ಗ್ಯಾಲರಿಗೆ ಹಾರುತ್ತಿದ್ದವು. ಒಮ್ಮೆ ಕೊತ್ತಂಬರಿಯ ಬಿಲ್ಲು ಹಾರಿ ಕೆಳಗಿನ ನಲ್ಲಿಯ ಬಾಲ್ದಿಯಲ್ಲಿ ಬಿತ್ತು, ಅಷ್ಟು ಟ್ಯಾಕ್ಸು ನೀರಿಗೆ ಹೋಯಿತು. ಅಂದಿನಿಂದ ಬಾಗಿಲು ಹಾಕಿ ಲೆಕ್ಕ.

ಚಾಳಿನಲ್ಲಿ ಮಲಗುವ ಮೊದಲು ಬಾಗಿಲು ಹಾಕುವವರು ಯಾರು? ಮೈದುನ ಸಂಜೆ ವಸೂಲಿಗೆ ಮಾಟುಂಗಕ್ಕೆ ಹೋಗಿರುತ್ತಾನೆ. ಒಳಗೆ ಮದುವೆಯಾಗದ ಮಾಸ್ತರು, ಓರಗಿತ್ತಿ. ಮೂಲೆಯಲ್ಲಿ ನಾನೂ ಕೂತಿರುತ್ತೇನೆ, ಆದರೆ ಮುದುಕಿಯನ್ನು ಲೆಕ್ಕಕ್ಕೆ ಹಿಡಿಯುವವರು ಯಾರು? ನಲ್ಲಿಯ ಹತ್ತಿರ ಗುಸುಗುಸು ಎದ್ದಿತು. "ಅದೆಂತಹ ಲೆಕ್ಕ ಅಮ್ಮಾ, ಚಿಲಕ ಹಾಕಿ ಮಾಡುವಂಥದ್ದು?"

ನನಗೆ ಮೈ ಉರಿದುಹೋಯಿತು. ನಮ್ಮ ಮನೆಯ ಸೊಸೆಯ ಮೇಲೆ ಇಂಥ ಮಾತೇ? ಸೀರೆ ಬದಲಾಯಿಸಿಕೊಂಡು ಹೊರಟೆ. ಒಂದು ಖೋಲಿಯನ್ನೂ ಬಿಡದೆ ಮೂರು ಮಾಳಿಗೆಗೂ ಹೋಗಿ, ಜನ ಏನೇನು ಆಡುತ್ತಿದ್ದಾರೆ, ಅದು ಹೇಗೆ ಶುದ್ಧ ಸುಳ್ಳು ಎಂದು ಬಿಡಿಸಿ ಬಿಡಿಸಿ ಹೇಳಿಬಂದೆ. ಅಲ್ಲಿಯ ತನಕ ಆ ಸುದ್ದಿ ಗೊತ್ತಿದ್ದದ್ದು ಕೆಳಗಿನ ಮಾಳಿಗೆಯವರಿಗೆ ಮಾತ್ರವಂತೆ.

ಸಾಹೇಬರ ಪೆನ್ನು

ಅರ್ಜಿ ಹೋಯಿತು. ಲೆಕ್ಕ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು, ಬಂದದ್ದು ಮಾತ್ರ ನವರಾತ್ರಿಯಲ್ಲಿ. ನಮ್ಮ ಕಡೆ ಶಾರದೆಯ ಪೂಜೆಗೆ ಪುಸ್ತಕ ಇಟ್ಟರೆ ವಿಜಯದಶಮಿಯ ತನಕ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಓರಗಿತ್ತಿ ಖಾತೆ ಪುಸ್ತಕ, ಬಿಲ್ಲು, ರಸೀದಿ ಎಲ್ಲ ಒಟ್ಟುಮಾಡಿ, ಕೆಂಪು ಬಟ್ಟೆ ಹೊದಿಸಿ, ಸೇವಂತಿಗೆ ಏರಿಸಿ ಇಟ್ಟಿದ್ದಳು.

"ಪುಸ್ತಕ ತೋರಿಸಿ," ಎಂದರು ಸಾಹೇಬರು ಮರಾಠಿಯಲ್ಲಿ.

"ದೇವರ ಹತ್ತಿರ ಉಂಟು. ಈಗ ತೆಗೆಯುವ ಹಾಗಿಲ್ಲ," ಎಂದ ಮೈದುನ ಕೈಮುಗಿದು.

"ಯಾರ ಪರ್ಮಿಶನ್ ಬೇಕು?"

"ಶಾರದಮ್ಮನದ್ದು," ಎಂದಳು ಓರಗಿತ್ತಿ.

ಸಾಹೇಬರಿಗೆ ಸಿಟ್ಟು ಬಂತು. ಪುಸ್ತಕ ತೋರಿಸಲಿಲ್ಲ ಎಂದು ಬರೆಯಲು ಕಿಸೆಯಿಂದ ಪೆನ್ನು ತೆಗೆದರು. ಓರಗಿತ್ತಿ ಚೀರಿದಳು. "ಅಯ್ಯೋ, ಈ ಮನೆಯಲ್ಲಿ ಇವತ್ತು ಬರೆಯಬಾರದು ಸಾಹೇಬ್ರೇ!" ಅವರು ಕಣ್ಣು ಮಿಟುಕಿಸುವುದರೊಳಗೆ ಪೆನ್ನು ಇವಳ ಕೈಯಲ್ಲಿ, ಇವಳ ಕೈಯಿಂದ ದೇವರ ಮುಂದೆ. ಮೇಲಿಂದ ಕುಂಕುಮ. ಕುಂಕುಮ ಬಿದ್ದ ಮೇಲೆ ಸಾಹೇಬರಾದರೂ ಹೇಗೆ ಮುಟ್ಟುತ್ತಾರೆ? ಪಾಯಸ ಕುಡಿದು ಹೋದರು.

ಮೈದುನ ತಲೆಯ ಮೇಲೆ ಕೈಹೊತ್ತು ಕೂತ. "ಸರಕಾರದಿಂದ ನಮಗೆ ವಾಪಸು ಬರುವುದಿರಲಿ ಅತ್ತಿಗೆ, ಈಗ ಸರಕಾರಕ್ಕೇ ನಮ್ಮಿಂದ ಒಂದು ವಾಪಸು ಹೋಗಬೇಕಾಯಿತು!"

ಯಾರ ಬೊಗಸೆ

ದಶಮಿ ಕಳೆದು ಸಾಹೇಬರು ಬಂದರು. ಮೊದಲು ಪೆನ್ನು ಇಸಕೊಂಡರು. ಪುಸ್ತಕವನ್ನೆಲ್ಲ ತಿರುವಿ ಒಂದೇ ಪ್ರಶ್ನೆ ಕೇಳಿದರು. "ಹತ್ತು ಮಣ ಸಾಮಾನು ತಂದಿದ್ದೀರಿ. ಎಂಟು ಮಣ ಪುಡಿ ಮಾರಿದ್ದೀರಿ. ತೊಟ್ಟು, ಕಸ ಅಂದರೂ ಇಷ್ಟು ಹೋಗುತ್ತದೆಯೇ? ಉಳಿದದ್ದನ್ನು ಕದ್ದು ಮಾರಿದ್ದೀರಿ. ರೀಫಂಡ್ ಇಲ್ಲ, ಮೇಲೆ ದಂಡ."

ಮೈದುನನ ಮುಖ ಒಣಗಿದ ಹುಣಸೆಯ ಹಾಗಾಯಿತು. ನಿಜ ಏನೆಂದರೆ, ಮೆಣಸಿನ ತೊಟ್ಟು ಮುರಿಯಲು ಚಾಳಿನ ಹೆಂಗಸರೆಲ್ಲ ಬರುತ್ತಿದ್ದರು. ಊರಿನ ಕ್ರಮದಂತೆ ಅವರಿಗೆ ದುಡ್ಡಿನ ಕೂಲಿ ಇಲ್ಲ, ಪುಡಿಯಾದ ಮೇಲೆ ತಲೆಗೊಂದು ಬೊಗಸೆ ಪುಡಿ. ಬೊಗಸೆ ಯಾರದ್ದೆಂದು ಮಾತ್ರ ನನ್ನ ಮೈದುನ ಮಾತಾಡಿರಲಿಲ್ಲ. ತೊಟ್ಟು ಮುರಿಯುವವಳು ಹೆಂಡತಿ, ಬೊಗಸೆ ಒಡ್ಡುವವನು ಗಂಡ. ಎರಡನೇ ಮಾಳಿಗೆಯಲ್ಲಿದ್ದ, ಬಂದರಿನಲ್ಲಿ ಮೂಟೆ ಹೊರುವ ಹಮಾಲನ ಬೊಗಸೆಯಲ್ಲಿ ಕೂಸನ್ನು ಮಲಗಿಸಬಹುದಿತ್ತು.

"ಸಾಹೇಬ್ರ, ಅದು ಬೊಗಸಿಗೆ ಹೋತ್ರಿ," ಎಂದರು ಮಾಸ್ತರು.

"ಬೊಗಸೆಗೆ ರಸೀದಿ ಉಂಟೋ? ಇಲ್ಲವಲ್ಲ. ನಡೆಯಿರಿ, ತೆಗೆದುಕೊಂಡವರ ಬಾಯಿಂದಲೇ ಕೇಳೋಣ."

ಗ್ಯಾಲರಿಯಲ್ಲಿ ಸಾಹೇಬರು ಮುಂದೆ, ನಾವು ಹಿಂದೆ. ಸೆಕ್ರೆಟರಿಯೂ ಬಂದು ಸೇರಿಕೊಂಡ. ಅವನ ಮುಖ ನೋಡಿ ಒಬ್ಬಳೂ ಒಪ್ಪಿಕೊಳ್ಳಲಿಲ್ಲ. ಧೂಳು ತಡೆಯಲಾಗದು ಎಂದು ಸಹಿ ಹಾಕಿದವರು, ಆ ಧೂಳನ್ನೇ ಡಬ್ಬಿ ತುಂಬಿದ್ದೇವೆ ಎಂದು ಹೇಳುವುದು ಹೇಗೆ? "ನಾವು ಖಾರ ತಿನ್ನುವವರೇ ಅಲ್ಲ," ಎಂದಳು ಒಬ್ಬಳು. ಒಲೆಯ ಮೇಲೆ ನಮ್ಮದೇ ಹುಳಿಪುಡಿಯ ಸಾಂಬಾರು ಕುದಿಯುತ್ತಿತ್ತು. "ನಮ್ಮವರಿಗೆ ಡಾಕ್ಟರು ಬೇಡ ಅಂದಿದ್ದಾರೆ," ಎಂದಳು ಹಮಾಲನ ಹೆಂಡತಿ. ಒಳಗೆ ಅವನು ತಟ್ಟೆ ನೆಕ್ಕುತ್ತಿದ್ದ. ಯಾರ ಡಬ್ಬಿ ಎಲ್ಲಿದೆ ಎಂದು ನನಗೆ ಗೊತ್ತಿಲ್ಲವೇ? ಬಾಯಿ ತೆರೆದೆ. "ನೀವು ಸುಮ್ಮನಿರ್ರಿ ಅಜ್ಜಿ, ಬಾಗಿಲ ಸುದ್ದಿ ನೆನಪೈತಿ," ಎಂದರು ಮಾಸ್ತರು.

ಕೊನೆಗೆ ಉಳಿದದ್ದು ಸೆಕ್ರೆಟರಿಯ ಖೋಲಿ. ಅವನು ಬಾಗಿಲಿಗೆ ಅಡ್ಡ ನಿಂತ. "ನಮ್ಮಲ್ಲಿ ಕೇಳುವ ಅಗತ್ಯವೇ ಇಲ್ಲ ಸಾಹೇಬ. ಈ ಖಾರದ ಧೂಳಿನಿಂದ ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ."

"ಕೇಳದೆ ಹೇಗೆ? ಈ ಮನೆಗೆ ಎಷ್ಟು ಪುಡಿ ಹೋಗಿದೆ ಎಂದು ಇವರ ಬಾಯಿಂದ ಬರಲಿ," ಎಂದು ಸಾಹೇಬರು ಮೈದುನನ ಕಡೆ ತಿರುಗಿದರು. ಪಾಪ, ಮೈದುನ "ಅದು ಸಾಹೇಬ್ರೇ" ಅಂದದ್ದಷ್ಟೆ. ಅವನ ಸ್ವರ ಕೇಳಿ ಒಳಗಿನಿಂದ ಹಾಸಿಗೆ ಹಿಡಿದವಳು ಓಡಿಬಂದಳು, ಕಂಕುಳಲ್ಲಿ ಸೀಮೆಎಣ್ಣೆ ಡಬ್ಬದಷ್ಟು ದೊಡ್ಡ ಡಬ್ಬ.

"ಭಾವೂಜೀ, ಪುಡಿ ತಂದಿರಾ? ಹೋದ ಸಲದ್ದಕ್ಕೆ ಖಾರ ಸಾಲಲಿಲ್ಲ. ಈ ಸಲ ಪೂರ್ತಿ ತುಂಬಿಸಿಕೊಡಿ. ದೀಪಾವಳಿಗೆ ನಿಮ್ಮನ್ನು ಓಡಿಸುತ್ತಾರಂತೆ, ಅದರೊಳಗೆ ವರ್ಷಕ್ಕಾಗುವಷ್ಟು ತೆಗೆದಿಡು ಅಂತ ಇವರೇ ಹೇಳಿದ್ದಾರೆ!"

ಆಮೇಲೆ ನೋಡಿ, ಒಂದೊಂದೇ ಬಾಗಿಲು ತೆರೆಯಿತು. "ನಮ್ಮದು ಇಷ್ಟೇ ಸಾಹೇಬ್ರೇ, ಅವರದ್ದು ನೋಡಿ!" ಎಂದು ಹೆಂಗಸರೆಲ್ಲ ತಮ್ಮ ತಮ್ಮ ಡಬ್ಬಿ ಎತ್ತಿಹಿಡಿದು ಬಂದರು.

ಸಾಹೇಬರು ಗೋಡೆಗೆ ಕಾಗದ ಒತ್ತಿ ಬರೆದರು. "ಕೂಲಿಗೆ ಕೊಟ್ಟ ಪುಡಿ, ಒಪ್ಪಿದೆ. ರೀಫಂಡ್ ದೀಪಾವಳಿಗೆ ಮೊದಲೇ ಸಿಗುತ್ತದೆ. ಸಾಕ್ಷಿಗೆ ಸೆಕ್ರೆಟರಿ ಸಹಿ ಹಾಕಲಿ. ನಿಮ್ಮ ಡಬ್ಬ ಎಷ್ಟು ಸೇರು ಹಿಡಿಯುತ್ತದೆ?"

ಸೆಕ್ರೆಟರಿ ನೆಲ ನೋಡುತ್ತ ಗೊಣಗಿದ. "ಐದು ಸೇರು."

ಹೆಂಡತಿ ಅವನ ಹೆಗಲ ಹಿಂದಿನಿಂದ ಇಣುಕಿದಳು. "ಉಹುಂ, ಅದು ಅಡುಗೆಮನೆಯಲ್ಲಿರುವ ಚಿಕ್ಕದ್ದು!"