ಮುಕ್ಕಾಲಿನ ತಿದ್ದುಪಡಿ

ತುಮಕೂರಿನ ಬಟವಾಡಿಯ ಒಂಬತ್ತು ವರ್ಷದ ಅಕ್ಷತಾಗೆ ಭಿನ್ನರಾಶಿ ಬರುತ್ತದೆ ಎಂಬ ದೂರು ಒಂದು ಸೋಮವಾರ ಮನೆಪಾಠ ಪರಿಶೀಲನಾ ಕಚೇರಿಯಲ್ಲಿ ದಾಖಲಾಯಿತು. ದೂರು ಕೊಟ್ಟವರು ಅದೇ ಬೀದಿಯ ಟ್ಯೂಷನ್ ಮಾಲೀಕ ರೇಣುಕಾಪ್ರಸಾದ್. ಅಕ್ಕಪಕ್ಕದ ಮಕ್ಕಳೂ ಅವಳ ಜೊತೆ ಕೂತು ಲೆಕ್ಕ ಕಲಿತು ಟ್ಯೂಷನ್ ಬಿಟ್ಟಿದ್ದರಿಂದ ಶಿಕ್ಷಣದ ಗುಣಮಟ್ಟ ಕುಸಿದಿದೆ ಎಂದು ಅವರು ನೊಂದು ಬರೆದಿದ್ದರು.

ಅಕ್ಷತಾಳ ತಾಯಿ ಸರ್ವಮಂಗಳ ಮಾಡಿದ್ದು ಇಷ್ಟೇ. ಶಾಲೆಯಲ್ಲಿ ಕಲಿತ ಲೆಕ್ಕವನ್ನು ಮಾರನೇ ದಿನವೇ ಮರೆತು, ಬೈಸಿಕೊಂಡು, ಪುಸ್ತಕ ಕಂಡರೆ ಹೊಟ್ಟೆನೋವು ಅನ್ನುತ್ತಿದ್ದ ಮಗಳನ್ನು ಶಾಲೆ ಬಿಡಿಸಿ, ಮನೆಯಲ್ಲೇ ಕೂರಿಸಿಕೊಂಡು ಕಥೆ ಹೇಳಿದಳು. ಕುಣಿಗಲ್‌ನಲ್ಲಿ ಎರಡು ಕುದುರೆ. ಅಣ್ಣ ಮುಕ್ಕಾಲಪ್ಪ, ತಮ್ಮ ಕಾಲಪ್ಪ. ಎಷ್ಟೇ ಹುರುಳಿ ಸುರಿದರೂ ಅಣ್ಣ ಮುಕ್ಕಾಲು ಪಾಲು ಮುಕ್ಕುತ್ತಾನೆ, ತಮ್ಮನಿಗೆ ಉಳಿಯುವುದು ಕಾಲು ಪಾಲು. ತಿಂಗಳುಗಳು ಕಳೆದರೂ ಮಗು ಮರೆಯಲಿಲ್ಲ. ತಮ್ಮನ ಪಾಲು ಎಷ್ಟೆಂದು ಹೇಳದೆ ಅವಳು ಊಟಕ್ಕೆ ಏಳುತ್ತಿರಲಿಲ್ಲ.

ಪರಿಶೀಲನಾಧಿಕಾರಿ ಪ್ರಭುದೇವ ಮನೆಗೆ ಬಂದರು. ಕಾಫಿ ಕುಡಿದು, ನಲವತ್ತೆಂಟರಲ್ಲಿ ಮುಕ್ಕಾಲು ಎಷ್ಟೆಂದು ಕೇಳಿದರು. ಮಗು ಮೂವತ್ತಾರು ಅಂದಿತು. ಅವರು ಫೋನಿನಲ್ಲಿ ಗುಣಿಸಿ ನೋಡಿ, ‘ಉತ್ತರ ಸರಿಯಿದೆ, ಆದರೆ ಅನುಮೋದನೆ ಇಲ್ಲದ ಮೂಲದಿಂದ ಬಂದಿದೆ’ ಎಂದು ಷರಾ ಬರೆದರು. ಕಥೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಬೇಕು, ಅದು ಮಂಜೂರಾಗದೆ ಕಲಿಕಾ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ಮುಂದೆ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ ಎಂದು ಸಮಾಧಾನವಾಗಿ ತಿಳಿಸಿಹೋದರು.

ಸರ್ವಮಂಗಳ ಸಲ್ಲಿಸಿದಳು. ಕಥೆಯ ಪರಿಶೀಲನೆಗೆ ಸಮಿತಿ ರಚನೆಯಾಯಿತು. ವಿಷಯದಲ್ಲಿ ಆಸಕ್ತಿ ತೋರಿದ ಏಕೈಕ ನಾಗರಿಕರೆಂಬ ಕಾರಣಕ್ಕೆ ರೇಣುಕಾಪ್ರಸಾದರೇ ಅಧ್ಯಕ್ಷರಾದರು. ನಾಲ್ಕು ತಿಂಗಳಿಗೆ ಆದೇಶ ಹೊರಬಿತ್ತು:

‘ಒಡಹುಟ್ಟಿದವರಲ್ಲಿ ಒಬ್ಬನು ಮುಕ್ಕಾಲು ಪಾಲು ತಿನ್ನುವುದು ಸಮಾನತೆಗೆ ವಿರುದ್ಧವಾಗಿದ್ದು, ಮಕ್ಕಳ ಮನಸ್ಸನ್ನು ಕೆಡಿಸುತ್ತದೆ. ಆದ್ದರಿಂದ ಮುಕ್ಕಾಲಪ್ಪನು ಇನ್ನು ಮುಂದೆ ಅರ್ಧವನ್ನಷ್ಟೇ ತಿನ್ನತಕ್ಕದ್ದು. ಕಾಲಪ್ಪನ ಪಾಲನ್ನು ಯಥಾಸ್ಥಿತಿಯಲ್ಲಿ ಮುಂದುವರಿಸತಕ್ಕದ್ದು.’

ಅಂತಿಮ ವಿಚಾರಣೆ ಗುಬ್ಬಿಯಲ್ಲಿ ನಡೆಯಿತು. ತುಮಕೂರಿನ ಕಚೇರಿಯಲ್ಲಿ ಕುರ್ಚಿಗಳ ಮೇಲೆಲ್ಲ ಕಡತಗಳು ಕೂತು ಜನರಿಗೆ ಜಾಗವಿರಲಿಲ್ಲ. ಪ್ರಭುದೇವ ಅದೇ ನಲವತ್ತೆಂಟರ ಮುಕ್ಕಾಲಿನ ಪ್ರಶ್ನೆ ಕೇಳಿದರು. ಮಗಳು ಬಾಯಿ ತೆರೆಯುವಷ್ಟರಲ್ಲಿ ಸರ್ವಮಂಗಳ ಮೇಜಿನ ಕಡೆ ನೋಡಿದಳು. ಪ್ರಮಾಣಪತ್ರ ಮೇಜಿನ ಮೇಲೇ ಇತ್ತು, ಸಹಿಯೊಂದೇ ಬಾಕಿ.

“ಇಪ್ಪತ್ನಾಲ್ಕು ಅನ್ನು ಕಂದ,” ಅಂದಳು, ಮಗಳ ಮುಖ ನೋಡದೆ.

“ಇಪ್ಪತ್ನಾಲ್ಕು,” ಅಂದಳು ಅಕ್ಷತಾ. ಸ್ವಲ್ಪ ಹೊತ್ತು ಬೆರಳು ಮಡಚಿದಳು. “ತಮ್ಮಂಗೆ ಹನ್ನೆರಡು. ಹಂಗಾದ್ರೆ ಮಿಕ್ಕಿದ್ ಹನ್ನೆರಡು ಯಾರ್ ತಿಂತಾರಮ್ಮ?”

ಪ್ರಭುದೇವ ಸಹಿ ಹಾಕುತ್ತಲೇ ಹೇಳಿದರು: “ಅದು ಮುಂದಿನ ಕ್ಲಾಸಿನ ಸಿಲಬಸ್ ಕಣಮ್ಮ.”

ಅಧ್ಯಕ್ಷರು ತಲೆದೂಗಿದರು.

ತಿದ್ದಿದ ಕಥೆಯನ್ನು ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಕಲಿಸುವ ಹೊಣೆ ರೇಣುಕಾಪ್ರಸಾದರ ಟ್ಯೂಷನ್ನಿಗೇ ಬಂತು. ಅಕ್ಷತಾಳೂ ಅಲ್ಲಿಗೇ ಸೇರಿದಳು, ಸರಿಯಾಗಿ ಮರೆಯುವುದನ್ನು ಬೇಗ ಕಲಿತಳು.

ಈಗ ಶಿರಾ ಗೇಟ್‌ನ ಅಂಗಡಿಗಳಲ್ಲಿ ಮುಕ್ಕಾಲು ಕೆಜಿ ಕೇಳಿದರೆ ಅರ್ಧ ಕೆಜಿ ತೂಗುತ್ತಾರೆ. ಹೊಸಬರು ತಕರಾರು ತೆಗೆದರೆ ತರಕಾರಿ ಅಂಗಡಿಯ ಚೌಡಪ್ಪ ಆದೇಶದ ಜೆರಾಕ್ಸ್ ತೋರಿಸುತ್ತಾನೆ. ಮೊನ್ನೆ ಸರ್ವಮಂಗಳ ಮುಕ್ಕಾಲು ಕೆಜಿ ಬದನೆಕಾಯಿಗೆ ದುಡ್ಡು ಕೊಟ್ಟು, ಅರ್ಧ ಕೆಜಿ ಚೀಲಕ್ಕೆ ಹಾಕಿಸಿಕೊಂಡಳು. ಪಕ್ಕದಲ್ಲಿದ್ದ ಅಕ್ಷತಾ ತಕ್ಕಡಿಯನ್ನು ನೋಡಿದಳು. ಏನೂ ಕೇಳಲಿಲ್ಲ.