ಇಳಿಯದ ಪೆಡಲ್ಲು

ನಮ್ಮ ಚಿಕ್ಕಪ್ಪ ಮನುಷ್ಯರ ಮಾತು ನಂಬಿದ್ದನ್ನು ನಾನು ಕಂಡಿಲ್ಲ. ರಬ್ಬರ್ ಹೋಸುಗಳು ಹೇಳಿದ್ದನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಾರೆ! ಚೆನ್ನೈ ಪಕ್ಕದ ಮಣಲಿಯ ಎಣ್ಣೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪೈಪು ವಾಲ್ವುಗಳ ನಡುವೆ ಬಾಳಿ ನಿವೃತ್ತರಾದವರು. ಕೆಲಸಕ್ಕೆಂದು ನಾನು ಚೆನ್ನೈಗೆ ಬಂದು ಅವರ ಮನೆಯ ಮೇಲ್ಮಹಡಿಯಲ್ಲಿ ನೆಲೆಸುವ ಹೊತ್ತಿಗೆ, ಕಂಡಕಂಡವರ ಕಾರಿನ ಬಾನೆಟ್ಟೇ ಅವರ ಕಾರ್ಖಾನೆಯಾಗಿತ್ತು.

ಅವರ ಪರೀಕ್ಷೆ ಹೀಗೆ. ದೇವಸ್ಥಾನಕ್ಕೆ ಹೋಗುವವರಂತೆ ಚಪ್ಪಲಿ ಹೊರಗೆ ಬಿಟ್ಟು ಕಾರು ಹತ್ತುತ್ತಾರೆ. ಇಂಜಿನ್ ಆಫ್ ಇರುವಾಗಲೇ ಬ್ರೇಕನ್ನು ಐದು ಸಲ ಒತ್ತಿ, ಕಾಲು ಅಲ್ಲೇ ಇಟ್ಟುಕೊಂಡು ಸ್ಟಾರ್ಟ್ ಮಾಡುತ್ತಾರೆ. ಪೆಡಲ್ಲು ತಾನಾಗಿ ಸ್ವಲ್ಪ ಕೆಳಗಿಳಿದರೆ ಸರಿ. ಇಳಿಯದಿದ್ದರೆ ಇಂಜಿನ್ನಿನಿಂದ ಬ್ರೇಕಿಗೆ ಹೋಗುವ ರಬ್ಬರ್ ಹೋಸಿನಲ್ಲಿ ಎಲ್ಲೋ ಗಾಳಿ ಸೋರುತ್ತಿದೆ, ಬ್ರೇಕಿಗೆ ಇಂಜಿನ್ನಿನ ಸಹಾಯ ಸಿಗುತ್ತಿಲ್ಲ ಎಂದರ್ಥ. ಆಮೇಲೆ ಆ ಗಾಡಿ ಕದಲಲು ಅವರು ಬಿಡಬೇಕಲ್ಲ!

ವಡಪಳನಿ ದೇವಸ್ಥಾನದಲ್ಲಿ ನಮ್ಮವರದೇ ಒಂದು ಮದುವೆ. ಹೂವಿನಲ್ಲಿ ಮುಳುಗಿದ್ದ ವರನ ಕಾರಿಗೂ ಪರೀಕ್ಷೆ ಆಯಿತು. ಪೆಡಲ್ಲು ಕಲ್ಲಿನಂತೆ ನಿಂತಿತು. ಬಾನೆಟ್ ಎತ್ತಿದರೆ ಒಳಗಿಂದ ಉಸ್ಸ್ ಎಂಬ ಸದ್ದು. “ಪಾಂಬು!” ಎಂದು ಯಾರೋ ಕೂಗಿದ್ದೇ ತಡ, ನಾದಸ್ವರದವರ ಸಮೇತ ಇಡೀ ದಿಬ್ಬಣ ರಸ್ತೆಯ ಆಚೆ ಬದಿಯಲ್ಲಿತ್ತು! ಚಿಕ್ಕಪ್ಪ ಸೀಳಿದ ಹೋಸನ್ನು ಹಾವಾಡಿಗನಂತೆ ಎತ್ತಿ ತೋರಿಸಿದರು. ವರ ಮಂಟಪಕ್ಕೆ ಬಂದದ್ದು ಆಟೋದಲ್ಲಿ. ಒಂದೇ ಆಟೋ ಎಂದು ನನ್ನ ನೆನಪು. ನಾನೇ ಬರೆದ ಡೈರಿಯಲ್ಲಿ ಎರಡು ಎಂದಿದೆ. ನನ್ನನ್ನು ನಾನೇ ಎಷ್ಟು ನಂಬಲಿ?

ವಾಲ್ವಿನ ಕಥೆ ಇನ್ನೂ ಘೋರ. ಆ ಹೋಸಿಗೆ ಹೆಬ್ಬೆರಳಿನಷ್ಟು ದೊಡ್ಡದೊಂದು ವಾಲ್ವು. ಗಾಳಿ ಅದರಲ್ಲಿ ಒಂದು ಕಡೆಗೆ ಮಾತ್ರ ಹಾಯಬೇಕು. ಪರೀಕ್ಷಿಸಲು ಉಪಕರಣ? ಅವರ ಬಾಯಿ! ಸಕ್ಕರೆಯಿಲ್ಲದ ಕಾಫಿ ಒಂದು ಗುಟುಕು, ವಾಲ್ವಿಗೆ ಒಂದು ಊದು.

“ಛೀ ತಾತಾ, ವಾಯ್ಲ ವೆಕ್ಕಾದೀಂಗ!” ಎಂದು ನನ್ನ ಮಗಳು ಕಿರುಚಿದಳು, ಬಾಯಿಗೆ ಇಡಬೇಡಿ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು.

“ಬಿಡೇ,” ಎಂದರು ಚಿಕ್ಕಮ್ಮ. “ಡಾಕ್ಟರು ಸಿಹಿ ಬಿಡಿಸಿದ ಮೇಲೆ ಅವರಿಗೆ ಉಳಿದಿರೋ ತಿಂಡಿ ಅದೊಂದೇ.”

ಹೋದ ವರ್ಷ ಅವರದೇ ಕಾರಿನ ಪೆಡಲ್ಲು ಇಳಿಯುವುದು ನಿಂತಿತು. ಪ್ರತಿ ಶನಿವಾರ ನನ್ನ ಮಗಳನ್ನು ಅವರು ಡ್ಯಾನ್ಸ್ ಕ್ಲಾಸಿಗೆ ಕರೆದೊಯ್ಯುತ್ತಿದ್ದುದು ಅದರಲ್ಲೇ. ಹೋಸ್ ಬದಲಾಯಿತು. ವಾಲ್ವ್ ಬದಲಾಯಿತು. ಮತ್ತೆ ಹೋಸ್! ಮೆಕ್ಯಾನಿಕ್ ಕೈಮುಗಿದ: “ಸಾರ್, ಎಲ್ಲಾಮೇ ಸೂಪರಾ ಇರುಕ್ಕು ಸಾರ್!”

“ನಲವತ್ತು ವರ್ಷ ಬ್ರೇಕ್ ಒತ್ತಿದ ಕಾಲು ಸುಳ್ಳು ಹೇಳುತ್ತಾ?” ಎಂದು ಚಿಕ್ಕಪ್ಪ ಗದರಿದರು.

ಮುಂದಿನ ಶನಿವಾರ, ಡ್ಯಾನ್ಸಿಗೆ ಸಿದ್ಧಳಾದ ಮಗಳು ಪಕ್ಕದಲ್ಲೇ ನಿಂತಿರುವಾಗ, ಮತ್ತೆ ಐದು ಸಲ ಒತ್ತಿ ಸ್ಟಾರ್ಟ್ ಮಾಡಿದರು. ನಾನು ಬಾಗಿ, ಪೆಡಲ್ಲಿನ ಕಡೆ ಟಾರ್ಚ್ ಹಿಡಿದಿದ್ದೆ.

“ನೋಡೇ, ಇಳೀಲೇ ಇಲ್ಲ.”

ಇಳಿದಿತ್ತು! ನನ್ನ ಕಣ್ಣೆದುರೇ ಇಳಿದಿತ್ತು. ಕೆಳಗೆ ಮ್ಯಾಟಿನ ಮೇಲೆ ರಕ್ತ. ಹೋಸ್ ಬಿಗಿಯುವ ಕ್ಲಿಪ್ಪಿನ ಸ್ಕ್ರೂ ಒಂದು ಅವರ ಹಿಮ್ಮಡಿಯಲ್ಲಿ ಅರ್ಧ ಹೂತುಹೋಗಿತ್ತು.

“ಚಿಕ್ಕಪ್ಪಾ, ಕಾಲಿಗೆ ಸ್ಕ್ರೂ ಚುಚ್ಚಿದೆ!”

“ಯಾವ ಕಾಲಿಗೆ?”

ಅವರೇ ಕಾಲೆತ್ತಿ ನೋಡಿಕೊಂಡರು, ಬೇರೆ ಯಾರದೋ ಕಾಲನ್ನು ನೋಡುವಂತೆ. ಆಮೇಲೆ ಇಂಜಿನ್ ಆಫ್ ಮಾಡಿ, ಕೆಳಗಿಳಿದು, ಬಾಗಿಲ ಪಕ್ಕ ನೆಲದ ಮೇಲೆ ಕೂತರು. ಪೆಡಲ್ಲನ್ನು ಕೈಯಲ್ಲಿ ಐದು ಸಲ ಒತ್ತಿ, “ನೀನು ಸ್ಟಾರ್ಟ್ ಮಾಡು,” ಎಂದರು.

ಅವರ ಅಂಗೈಯ ಕೆಳಗೆ ಪೆಡಲ್ಲು ಮೆಲ್ಲಗೆ ಇಳಿಯಿತು. ಎಷ್ಟು ಹೊತ್ತು ಹಾಗೇ ಕೈ ಇಟ್ಟುಕೊಂಡಿದ್ದರೋ, ಡೈರಿಯಲ್ಲೂ ಇಲ್ಲ.

“ಗಾಡಿ ಚೆನ್ನಾಗೇ ಇದೆ ಕಣೇ,” ಎಂದರು. ಮಗಳ ಕಡೆ ನೋಡಿದರು. “ಎಷ್ಟು ಶನಿವಾರ ಇವಳನ್ನ ಕೂರಿಸ್ಕೊಂಡು...”

ಮಗಳು ತನ್ನ ಡ್ಯಾನ್ಸ್ ದುಪಟ್ಟಾವನ್ನು ಅವರ ಪಾದಕ್ಕೆ ಸುತ್ತುತ್ತಿದ್ದಳು. “ನೋವಾ, ತಾತಾ?” ಕನ್ನಡದಲ್ಲೇ ಕೇಳಿದಳು.

“ಇಲ್ಲ ಪುಟ್ಟಾ.”

ನಿಜವನ್ನೇ ಹೇಳಿದ್ದರು. ನನ್ನ ಸಂಕಟವೂ ಅದೇ.

ಅವರು ಎಡಗಡೆಯ ಸೀಟಿಗೆ ಹೋಗಿ ಕೂತರು; ನಾನು ಆಸ್ಪತ್ರೆಗೆ ಓಡಿಸಿದೆ. ಸಕ್ಕರೆ ಕಾಯಿಲೆ ಪಾದಗಳ ಸ್ಪರ್ಶವನ್ನೇ ಕಸಿದಿದೆ ಎಂದರು ಡಾಕ್ಟರು.

ಈಗ ಶನಿವಾರಗಳಲ್ಲಿ ನಾನೇ ಚಪ್ಪಲಿ ಬಿಟ್ಟು ಹತ್ತುತ್ತೇನೆ. ಐದು ಸಲ ಒತ್ತಿ, ಸ್ಟಾರ್ಟ್ ಮಾಡುತ್ತೇನೆ.

“ಇಳೀತಾ?”

“ಇಳೀತು, ಚಿಕ್ಕಪ್ಪಾ.”

“ಎಷ್ಟು?”

“ಎರಡು ಬೆರಳು.”

ಮನುಷ್ಯರ ಮಾತು ನಂಬದ ನಮ್ಮ ಚಿಕ್ಕಪ್ಪ ಸೀಟ್‌ಬೆಲ್ಟ್ ಹಾಕಿಕೊಂಡು, “ಸರಿ, ಹೊರಡು,” ಎನ್ನುತ್ತಾರೆ.